ಫೋಟೋ ಐಡಿ ಇಲ್ಲದಿದ್ದರೆ ವೋಟಿಲ್ಲ: ಅಮೆರಿಕದ ರಾಜ್ಯಗಳ ಈ ಕಾನೂನು ಬೇಕಾ?

ಪರ

ನಮ್ಮಲ್ಲಿ ಮತಗಟ್ಟೆಗೆ ಹೋದರೆ ವೋಟರ್ ಐಡಿ ತೋರಿಸುತ್ತೇವೆ. ಅದನ್ನು ಅವಮಾನ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಿನವರು ಹೆಸರು, ವಿಳಾಸ ಹೇಳಿ ಸಹಿ ಹಾಕಿದರೆ ಸಾಕು. ಒಂದು ಊರು ತಾನಾಗಿ ಐಡಿ ಕೇಳಲು ಹೊರಟಾಗ, 2024ರಲ್ಲಿ ರಾಜ್ಯವೇ ಅದಕ್ಕೆ ಅಡ್ಡ ಕಾನೂನು ತಂದಿತು. ಇದು ಸ್ವಲ್ಪ ಅತಿಯಾಯಿತು, ಅಲ್ವಾ?

ಇಂಡಿಯಾನಾದ 2005ರ ಫೋಟೋ ಐಡಿ ಕಾನೂನನ್ನು ಸುಪ್ರೀಂ ಕೋರ್ಟ್ 2008ರಲ್ಲೇ ಎತ್ತಿಹಿಡಿದಿದೆ. ಇಂಥ ಕಾನೂನಿನಿಂದ ವೋಟು ಹಾಕುವವರು ಕಡಿಮೆಯಾಗುತ್ತಾರೆ ಎಂಬ ಭಯವಿತ್ತು. 2008ರಿಂದ 2018ರವರೆಗಿನ ಲೆಕ್ಕ ನೋಡಿದ ಇಬ್ಬರು ಅರ್ಥಶಾಸ್ತ್ರಜ್ಞರಿಗೆ ಅಂಥ ಇಳಿಕೆ ಕಾಣಲಿಲ್ಲ.

ಇದು ರಿಪಬ್ಲಿಕನ್ನರ ಹಟ ಮಾತ್ರ ಅನ್ನುವವರು ವಿಸ್ಕಾನ್ಸಿನ್ ನೋಡಲಿ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಜನ ರಾಜ್ಯದ ಸುಪ್ರೀಂ ಕೋರ್ಟ್ ಚುನಾವಣೆಯಲ್ಲಿ, ಡೆಮಾಕ್ರಟರು ಬೆಂಬಲಿಸಿದ ಉದಾರವಾದಿ ನ್ಯಾಯಾಧೀಶೆಯನ್ನು ಗೆಲ್ಲಿಸಿದರು. ಅದೇ ದಿನ ಫೋಟೋ ಐಡಿಯನ್ನು ರಾಜ್ಯದ ಸಂವಿಧಾನಕ್ಕೂ ಸೇರಿಸಿದರು.

ವಿರೋಧ

ಐಡಿ ಕೇಳುವುದರಲ್ಲಿ ತಪ್ಪಿಲ್ಲ. ಯಾವ ಐಡಿ ಅನ್ನುವುದರಲ್ಲೇ ಆಟ ಇರುವುದು. ಟೆಕ್ಸಾಸ್‌ನ 2011ರ ಕಾನೂನಿನಲ್ಲಿ ಪಿಸ್ತೂಲಿನ ಲೈಸೆನ್ಸ್ ನಡೆಯುತ್ತಿತ್ತು, ಕಾಲೇಜಿನ ಐಡಿ ನಡೆಯುತ್ತಿರಲಿಲ್ಲ. ಯಾರ ಜೇಬಿನಲ್ಲಿ ಏನಿರುತ್ತದೆ ಅಂತ ಕಾನೂನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಭಾರತದ ಹೋಲಿಕೆಯೂ ಪೂರ್ತಿ ಸರಿಯಲ್ಲ. ಇಲ್ಲಿ ಕಾರ್ಡ್ ಮಾಡಿಕೊಡುವುದು ಚುನಾವಣಾ ಆಯೋಗ. ಅದು ಸಿಗದಿದ್ದರೆ ಆಧಾರ್, ಡಿಎಲ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ಕೂ ನಡೆಯುತ್ತದೆ. ಇಂಡಿಯಾನಾದಲ್ಲಿ ಕಾರ್ಡ್ ಪುಕ್ಕಟೆ, ಆದರೆ ಅದಕ್ಕೆ ಬೇಕಾದ ಜನನ ಪತ್ರ ತರುವ ತಾಪತ್ರಯ ನಿಮ್ಮದು. ಸುಪ್ರೀಂ ಕೋರ್ಟ್ ತೀರ್ಪು ಬಂದ ಮರುವಾರವೇ ಅಲ್ಲಿನ ಸೌತ್ ಬೆಂಡ್‌ನಲ್ಲಿ ಹತ್ತು-ಹನ್ನೆರಡು ವಯಸ್ಸಾದ ಸನ್ಯಾಸಿನಿಯರು ವೋಟು ಹಾಕಲಾಗದೆ ವಾಪಸ್ಸಾದರು. ಐಡಿ ಇಲ್ಲ ಅಂತ ತಡೆದ ಮತಗಟ್ಟೆ ಸಿಬ್ಬಂದಿಯೂ ಸನ್ಯಾಸಿನಿಯೇ! ಅವರ ಗುರುತು ಆಕೆಗೆ ಇರಲಿಲ್ಲವೇ?

ಮತಗಟ್ಟೆಯ ಐಡಿ ಹಿಡಿಯುವುದು ಇನ್ನೊಬ್ಬರ ಹೆಸರಲ್ಲಿ ಬಂದವರನ್ನು ಮಾತ್ರ. 2000ದಿಂದ 2014ರವರೆಗೆ ಬಿದ್ದ 100 ಕೋಟಿಗೂ ಜಾಸ್ತಿ ವೋಟುಗಳಲ್ಲಿ ಅಂಥ ನಂಬಬಹುದಾದ ಪ್ರಕರಣ ಒಬ್ಬ ಕಾನೂನು ಪ್ರಾಧ್ಯಾಪಕರಿಗೆ ಸಿಕ್ಕಿದ್ದು 31. ಕಾನ್ಸಾಸ್ ಇನ್ನೂ ಮುಂದೆ ಹೋಗಿ, ಮತದಾರರ ಪಟ್ಟಿಗೆ ಹೆಸರು ಸೇರಿಸಲೇ ಪೌರತ್ವದ ದಾಖಲೆ ಕೇಳಿತು. ಸುಮಾರು 31,000 ಅರ್ಜಿಗಳು ನಿಂತುಹೋದವು, ಬಹುಪಾಲು ನಾಗರಿಕರದ್ದೇ. 2018ರಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಆದರೂ 2024ರಲ್ಲಿ ನ್ಯೂ ಹ್ಯಾಂಪ್‌ಶೈರ್ ಅದೇ ದಾರಿ ಹಿಡಿಯಿತು. ಮರುವರ್ಷದ ಊರ ಚುನಾವಣೆಯಲ್ಲಿ, ಮದುವೆಯಾದ ಮೇಲೆ ಹೆಸರು ಬದಲಾದ ಕೆಲವು ಹೆಂಗಸರು ಇನ್ನಷ್ಟು ಕಾಗದ ತರಲು ಮನೆಗೆ ಓಡಬೇಕಾಯಿತು.