ತಿರಸ್ಕಾರ ಎರಡೂ ಕಡೆಯಿಂದ ಇದೆ
ಬ್ರಿಟನ್ನಿನಲ್ಲಿ ವರ್ಗದ ತಾತ್ಸಾರ ಮೇಲಿನವರಿಗೆ ಮಾತ್ರ ಅಂಟಿದ ರೋಗ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ಹಡಗಿನಲ್ಲಿ ಪ್ರಯಾಣಿಕರಿಗೆ ಬಡಿಸುತ್ತಿದ್ದ ಜಾನ್ ಪ್ರೆಸ್ಕಾಟ್ 1997ರಲ್ಲಿ ಉಪಪ್ರಧಾನಿಯಾದರು. ಅವರು ಸಂಸತ್ತಿನಲ್ಲಿ ಮಾತಿಗೆ ಎದ್ದರೆ, ಜಿನ್ ಮದ್ಯ ತರುವಂತೆ ಎದುರಾಳಿ ಕನ್ಸರ್ವೇಟಿವ್ ಪಕ್ಷದ ಸಾಲಿನಿಂದ ಕೂಗು ಬರುತ್ತಿತ್ತು. ದುಡಿದು ಮೇಲೆ ಬಂದವರನ್ನು ಹೀಗೆ ಹಂಗಿಸುವುದು ಶುದ್ಧ ನೀಚತನ. ಆದರೆ 2008ರಲ್ಲಿ ಇಂಗ್ಲೆಂಡಿನ ಕ್ರೂ ಕ್ಷೇತ್ರದ ಉಪಚುನಾವಣೆಯಲ್ಲಿ ಅವರದೇ ಲೇಬರ್ ಪಕ್ಷ ಮಾಡಿದ್ದೇನು? ಕಾರ್ಯಕರ್ತರು ಸಿರಿವಂತರ ಎತ್ತರದ ಕರಿ ಟೋಪಿ ತೊಟ್ಟು ಕನ್ಸರ್ವೇಟಿವ್ ಅಭ್ಯರ್ಥಿ ಎಡ್ವರ್ಡ್ ಟಿಂಪ್ಸನ್ ಅವರನ್ನು ಅಣಕಿಸುತ್ತಾ ತಿರುಗಿದರು. ಉಳ್ಳವರ ಮನೆಯಲ್ಲಿ ಹುಟ್ಟಿದ್ದೇ ಅವರ ಅಪರಾಧ! ಆ ಮನೆಯಲ್ಲೇ ಅವರ ತಂದೆ-ತಾಯಿ ಆಸರೆಯಿಲ್ಲದ ಹತ್ತಾರು ಮಕ್ಕಳನ್ನು ಸಾಕಿದ್ದರು. ಆ ವೇಷಧಾರಿಗಳಿಗೆ ಅದು ಬೇಕಿರಲಿಲ್ಲ. ರೈಲು ಕಾರ್ಖಾನೆಯ ಊರಾದ ಕ್ರೂವಿನ ಮತದಾರರು ಟಿಂಪ್ಸನ್ ಅವರನ್ನೇ ಗೆಲ್ಲಿಸಿದರು.