ಮಿಕ್ಸಿ ನನ್ನದು, ಒಟಿಪಿ ಮಾವನದು

ಕೊಡುವವರು ಪ್ರತಿಫಲ ಕೇಳದೆ, ಖುಷಿಯಿಂದ ಕೊಡಬೇಕು. ತಗೊಳ್ಳುವವರು ಒಪ್ಪಿ ತಗೊಳ್ಳಬೇಕು. ಉಡುಗೊರೆ ಅನ್ನಿಸಿಕೊಳ್ಳಲು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಕೇಳುವುದು ಹೆಚ್ಚುಕಮ್ಮಿ ಇಷ್ಟೇ. ಸೈಟು, ಮನೆ ಆದರೆ ಸಾಮಾನ್ಯವಾಗಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಮಿಕ್ಸಿ, ಕುಕ್ಕರ್, ಗೋಡೆ ಗಡಿಯಾರಕ್ಕೆ ಆ ತಾಪತ್ರಯವಿಲ್ಲ. ಕೈಗೆ ಕೊಟ್ಟರಾಯಿತು, ನಿಮ್ಮದೇ.

ಆದರೆ ಮಿಕ್ಸಿ ಕಂಪನಿಯವರ ಲೆಕ್ಕವೇ ಬೇರೆ. ನಮ್ಮ ಗೃಹಪ್ರವೇಶಕ್ಕೆ ಸೋದರಮಾವ ತಂದ ಮಿಕ್ಸಿಯನ್ನು ಅಂಗಡಿಯವನು ಅವರ ಮೊಬೈಲ್ ನಂಬರಿಗೇ ನೋಂದಾಯಿಸಿದ್ದ. ಒಂದು ಸಂಜೆ ಉದ್ದಿನಬೇಳೆ ಅರ್ಧ ಅರೆದಿತ್ತು, ಮೋಟಾರು ಸುಟ್ಟ ವಾಸನೆ ಬಂತು. ಸರ್ವಿಸ್‌ನವರಿಗೆ ಫೋನ್ ಮಾಡಿದೆ. ಒಟಿಪಿ ಹೋಗಿದ್ದು ಹಾಸನದಲ್ಲಿರುವ ಮಾವನಿಗೆ. ಒಟಿಪಿಗಿಂತ ಮೊದಲು ಅವರ ಪ್ರಶ್ನೆ ಬಂತು: "ಏನೇ, ಆಗಲೇ ಕೆಡಿಸಿದ್ಯಾ? ಬೇಳೆ ಸರಿಯಾಗಿ ನೆನೆಸಿದ್ದೆ ತಾನೆ?"

ರಿಪೇರಿಗೆ ಬಂದ ಹುಡುಗ ಬಿಲ್ ಕೇಳಿದ. ಬಿಲ್ ಎಲ್ಲಿಂದ ತರಲಿ? ಬೆಲೆ ಚೀಟಿ ಕಿತ್ತು, ಬಿಲ್ ಜೇಬಿಗೆ ಹಾಕಿಕೊಂಡು ಕೊಡುವುದೇ ನಮ್ಮಲ್ಲಿ ಮರ್ಯಾದೆ. ಚೀಟಿ ಕಿತ್ತ ಜಾಗದಲ್ಲಿ ಅಂಟು ಇನ್ನೂ ಧೂಳು ಹಿಡಿದುಕೊಂಡು ಕೂತಿತ್ತು. ವಾರಂಟಿಗೆ ಬೇಕಾದ್ದು ಅದೇ ಬಿಲ್. "ಮಾವ, ಬಿಲ್ ಇದೆಯಾ?" ಅಂದರೆ "ಎಷ್ಟು ಕೊಟ್ರಿ?" ಅಂತ ಕೇಳಿದ ಹಾಗೇ ಅಲ್ವಾ!

ಕಾನೂನೇನೋ ನನ್ನ ಕಡೆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದುಡ್ಡು ಕೊಟ್ಟವರಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ. ಕಂಪನಿಯ ಪಟ್ಟಿಯಲ್ಲಿ ಮಾವನ ಹೆಸರಿದ್ದ ಮಾತ್ರಕ್ಕೆ ಮಿಕ್ಸಿ ಅವರದಾಗುವುದಿಲ್ಲ.

ಗಾಡಿ ವಿಷಯದಲ್ಲಿ ಮಾತ್ರ ಈ ಧೈರ್ಯ ಬೇಡ. ಮಗಳಿಗೆ ಸ್ಕೂಟರ್ ಕೀ ಕೊಟ್ಟು, ಆರ್‌ಸಿ ಬದಲಿಸದೆ ಸುಮ್ನೆ ಕೂತರೆ ಸಿಗ್ನಲ್ ದಾಟಿದ ದಂಡದ ಮೆಸೇಜು ಅಪ್ಪನಿಗೇ. ಅದು ಸಣ್ಣದು ಬಿಡಿ. ಅಪಘಾತದ ಪರಿಹಾರದ ಮಾತು ಬಂದಾಗ ಮಾಲೀಕ ಅಂದರೆ ಆರ್‌ಸಿಯಲ್ಲಿ ಹೆಸರಿರುವವನೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಆರ್‌ಟಿಒದಲ್ಲಿ ಫಾರಂ 29, 30 ತುಂಬುವ ಬೇಸರ ಇದಕ್ಕಿಂತ ವಾಸಿ.

ಈಚೆಗೆ ನಾನು ಏನೇ ಉಡುಗೊರೆ ಕೊಟ್ಟರೂ ಬಿಲ್ಲನ್ನು ಕವರಿನಲ್ಲಿ ಅಂಟಿಸಿ, 'ಕೆಟ್ಟರೆ ಮಾತ್ರ ತೆರೆಯಿರಿ' ಎಂದು ಬರೆದು ಒಳಗಿಡುತ್ತೇನೆ. ಮೊನ್ನೆ ಮದುವೆಮನೆಯಲ್ಲಿ ಮುಯ್ಯಿ ಬರೆಯುತ್ತಿದ್ದವರು ಅದನ್ನು ದುಡ್ಡಿನ ಕವರ್ ಅಂದುಕೊಂಡು ಒಡೆದು, ನನ್ನ ಹೆಸರಿನ ಮುಂದೆ ಕುಕ್ಕರಿನ ಬೆಲೆಯನ್ನು ಜಿಎಸ್‌ಟಿ ಸಮೇತ ಬರೆದುಕೊಂಡರಂತೆ.