ಪಾಪ ಅಥವಾ ಪಾಪಿ

ಹೋದ ಭಾನುವಾರ ತಂಗಿ ಮಗಳು ಮನೆಗೆ ಬಂದಿದ್ದಳು. ಐದು ವರ್ಷದ ಹುಡುಗಿ. ಬಂದವಳೇ ರಿಮೋಟ್ ಕಿತ್ತುಕೊಂಡು ಪೆಪ್ಪಾ ಪಿಗ್ ಅನ್ನೋ ಹಂದಿಮರಿ ಕಾರ್ಟೂನ್ ಹಾಕಿದಳು. ಸ್ವಲ್ಪ ಹೊತ್ತಿಗೆ ಅದರಲ್ಲಿ ಮ್ಯಾಂಡಿ ಮೌಸ್ ಅನ್ನೋ ಇಲಿ ವೀಲ್‌ಚೇರಿನಲ್ಲಿ ಬಂತು. ಹುಡುಗಿ ಬಾಯಿ ಬಿಟ್ಟುಕೊಂಡು ನೋಡಿ, "ಮಾಮ, ಆ ಇಲಿಗೆ ಚಕ್ರ ಇದೆ, ನಂಗೂ ಬೇಕು" ಅಂದಳು. ಅವಳ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಚಕ್ಕುಲಿ ಡಬ್ಬಿಗೆ ಕೈ ಹಾಕಿದಳು.

ಮುಗಿಯದೇ ಉಳಿದದ್ದು ಎದುರುಮನೆ ರಾಯರಿಗೆ. ಪೇಪರ್ ಓದೋಕೆ ಬಂದಿದ್ದರು. (ನಮ್ಮ ಮನೆ ಪೇಪರನ್ನು ಮೊದಲು ಓದುವುದು ಅವರೇ. ಪದಬಂಧವನ್ನೂ ಅವರೇ ತುಂಬಿಬಿಡುತ್ತಾರೆ, ಅದೂ ಪೆನ್ನಿನಲ್ಲಿ, ಅದೂ ತಪ್ಪು.) ಕನ್ನಡಕ ಹಣೆಗೇರಿಸಿ ಟಿವಿ ನೋಡಿ "ಅಯ್ಯೋ ಪಾಪ" ಅಂದರು. ಆಮೇಲೆ ದನಿ ತಗ್ಗಿಸಿ, "ಚಿಕ್ಕ ಮಕ್ಕಳ ಪ್ರೋಗ್ರಾಮಲ್ಲಿ ಇದನ್ನೆಲ್ಲ ಯಾಕೆ ಸಾರ್ ತೋರಿಸ್ತಾರೆ? ಮಕ್ಕಳ ಮನಸ್ಸಿಗೆ ಒಳ್ಳೇದಲ್ಲ" ಅಂದರು.

ಹಂದಿ ಫ್ರಾಕ್ ತೊಟ್ಟು ಇಂಗ್ಲಿಷ್ ಮಾತಾಡಿದರೆ ಮಕ್ಕಳ ಮನಸ್ಸಿಗೆ ಏನೂ ಆಗಲ್ಲ. ಇಲಿ ಕೂತುಕೊಂಡು ಓಡಾಡಿದರೆ ಮಾತ್ರ ಕಷ್ಟ. ನನಗೆ ಬಂದ ಅನುಮಾನ ಬೇರೆಯೇ. ಪೆಪ್ಪಾ ಊರಲ್ಲಿ ಒಂದೊಂದು ಮನೆಯೂ ಒಂದೊಂದು ಗುಡ್ಡದ ನೆತ್ತಿ ಮೇಲಿದೆ. ಆ ಇಲಿ ಹೋಗಿ ಬರೋದು ಹೇಗೆ? 2004ರಲ್ಲಿ ಶುರುವಾದ ಊರಿಗೆ ಆ ಇಲಿ ಬಂದದ್ದು 2019ರಲ್ಲಿ. ಬಹುಶಃ ಹದಿನೈದು ವರ್ಷ ಗುಡ್ಡ ಹತ್ತುತ್ತಾ ಇತ್ತು ಅನ್ಸುತ್ತೆ.

ಕನ್ನಡದಲ್ಲಿ 'ಪಾಪ' ಅನ್ನೋದು ಬಲು ಜಿಪುಣ ಪದ. ಕನಿಕರಕ್ಕೂ ಅದೇ, ಹಿಂದಿನ ಜನ್ಮದಲ್ಲಿ ಮಾಡಿದ್ದಕ್ಕೂ ಅದೇ. ಕೋಲು ಹಿಡಿದು ನಡೆಯುವವರನ್ನು ಕಂಡು "ಪಾಪ" ಅಂದಾಗ ಎರಡರಲ್ಲಿ ಯಾವುದನ್ನು ಹೇಳಿದೆವು ಅಂತ ನಮಗೇ ಗೊತ್ತಿರಲ್ಲ. ಟಿವಿಯವರಿಗೂ ಗೊತ್ತಿರಲಿಲ್ಲ. ಹಾಗಾಗಿ ಎರಡೂ ಇರಲಿ ಅಂತ ಮಕ್ಕಳ ಕಾರ್ಯಕ್ರಮಗಳಲ್ಲಿ ಎರಡೇ ಎರಡು ಕೆಲಸ ಖಾಲಿ ಇಟ್ಟರು. ಕಾಲಿಲ್ಲದವರು ಪಾಪ ಆಗಬೇಕು, ಇಲ್ಲವೇ ಪಾಪಿ ಆಗಬೇಕು. ಎರಡೂ ಬೇಡ ಅಂದರೆ ಕೊನೇ ಕಂತಿನೊಳಗೆ ವಾಸಿ ಮಾಡಿಕೊಂಡು ಹೊರಡಬೇಕು.

ವಾಸಿಯಾಗೋದು ಅಂದರೆ ಹೈಡಿ ನೆನಪಾಗುತ್ತೆ. 1974ರಲ್ಲಿ ಜಪಾನಿನವರು ಕಾರ್ಟೂನ್ ಧಾರಾವಾಹಿ ಮಾಡಿದ್ದರಲ್ಲ, ಅದೇ ಸ್ವಿಸ್ ಕಥೆ. ಪಟ್ಟಣದ ಕ್ಲಾರಾಗೆ ನಡೆಯೋಕೆ ಆಗಲ್ಲ. ಬೆಟ್ಟಕ್ಕೆ ಕರೆದುಕೊಂಡು ಬರುತ್ತಾರೆ, ಒಳ್ಳೆ ಗಾಳಿ, ಆಡಿನ ಹಾಲು. ಎದ್ದು ನಡೆದೇ ಬಿಡುತ್ತಾಳೆ. ಮೂಲ ಕಥೆಯಲ್ಲಂತೂ ಆಡು ಕಾಯುವ ಹುಡುಗ ಹೊಟ್ಟೆಕಿಚ್ಚಿಗೆ ಅವಳ ವೀಲ್‌ಚೇರನ್ನು ಬೆಟ್ಟದಿಂದ ಕೆಳಗೆ ತಳ್ಳಿ ಪುಡಿಪುಡಿ ಮಾಡುತ್ತಾನೆ. ಅದರಿಂದ ಅವಳಿಗೆ ಒಳ್ಳೆಯದೇ ಆಯ್ತು ಅಂತ ಕಥೆ! ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆಡಿನ ಹಾಲು ಮುಟ್ಟದ ಕಾಯಿಲೆಯೂ ಇಲ್ಲ ಅಂತ ಆಮೇಲೆ ಗೊತ್ತಾಯ್ತು. ಮೂಳೆ ಡಾಕ್ಟರುಗಳು ಸುಮ್ನೆ ಅಷ್ಟು ವರ್ಷ ಓದಿದರು. ಎರಡು ಆಡು ಸಾಕಿದ್ದರೆ ಸಾಕಿತ್ತು.

ರಾಯರ ಮಾತಿಗೆ ವಾಪಸ್ ಬರೋಣ. ಅವರು ಒಬ್ಬರೇ ಅಲ್ಲ, ಲಂಡನ್ನಿನಲ್ಲೂ ಶಾಖೆ ಇದೆ. 2009ರಲ್ಲಿ ಬಿಬಿಸಿಯ ಪುಟ್ಟ ಮಕ್ಕಳ ಚಾನೆಲ್ ಸಿಬೀಬೀಸ್‌ಗೆ ಸೆರಿ ಬರ್ನೆಲ್ ಅನ್ನೋ ನಿರೂಪಕಿ ಬಂದರು. ಹುಟ್ಟಿನಿಂದಲೇ ಅವರ ಬಲಗೈ ಮೊಣಕೈ ಹತ್ತಿರ ಮುಗಿಯುತ್ತದೆ. ಅಷ್ಟೇ. ನಗುನಗುತ್ತಾ ಮಾತಾಡೋರು, ಕಥೆ ಹೇಳೋರು. ಆದರೆ ದೂರು ಬಂತು. ಮಕ್ಕಳು ಹೆದರಿಕೊಳ್ಳುತ್ತಾರಂತೆ. ಒಬ್ಬ ಅಪ್ಪನಂತೂ ಮಗಳಿಗೆ ಕೆಟ್ಟ ಕನಸು ಬೀಳುತ್ತೆ, ಚಾನೆಲ್ಲೇ ಹಾಕಲ್ಲ ಅಂದ.

ಅದೇ ದೇಶದ ಮಕ್ಕಳು ನೂರು ವರ್ಷದಿಂದ ನೋಡಿಕೊಂಡು ಬಂದ ಕಡಲ್ಗಳ್ಳ ಯಾರು? 'ಪೀಟರ್ ಪ್ಯಾನ್' ಕಥೆಯ ಖಳ, ಕೈ ಇರಬೇಕಾದ ಜಾಗದಲ್ಲಿ ಕಬ್ಬಿಣದ ಕೊಕ್ಕೆ ಇರುವ ಕ್ಯಾಪ್ಟನ್ ಹುಕ್. ಹುಟ್ಟುಹಬ್ಬಕ್ಕೆ ಪ್ಲಾಸ್ಟಿಕ್ ಕೊಕ್ಕೆ ಕೊಡಿಸಿ ಫೋಟೋ ತೆಗೆಯುತ್ತಾರೆ. ಒಂದು ಕಣ್ಣಿಗೆ ಕರಿ ಪಟ್ಟಿ, ಒಂದು ಮರದ ಕಾಲು, ಮಕ್ಕಳಿಗೆ ಭಲೇ ಖುಷಿ. ಅಂದರೆ ಕೈ ಇಲ್ಲದವನು ಕತ್ತು ಕೊಯ್ಯೋಕೆ ಬಂದರೆ ಮನರಂಜನೆ. ಕೈ ಇಲ್ಲದವಳು ಬಂದು "ಗುಡ್ ನೈಟ್ ಮಕ್ಕಳೇ" ಅಂದರೆ ಭಯಾನಕ!

ಬರ್ನೆಲ್ ಹೆದರಲಿಲ್ಲ. 2017ರವರೆಗೂ ಅಲ್ಲೇ ಇದ್ದರು. ಅಷ್ಟರಲ್ಲಿ ಆ ಭಯಪಟ್ಟ ಮಕ್ಕಳು ಹೈಸ್ಕೂಲಿಗೆ ಬಂದಿರಬೇಕು.

ಈಗ ಡಾಲೆಕ್‌ಗಳ ವಿಷಯ. ಗೊತ್ತಿಲ್ಲದವರಿಗೆ ಹೇಳುತ್ತೇನೆ. 1963ರಿಂದ ಬರುತ್ತಿರುವ 'ಡಾಕ್ಟರ್ ಹೂ' ಅನ್ನೋ ಬಿಬಿಸಿ ಧಾರಾವಾಹಿಯ ಖಳರು ಇವರು. ಮನೆಮಂದಿಯೆಲ್ಲ ನೋಡೋ ಕಾರ್ಯಕ್ರಮ, ಮಕ್ಕಳು ಸೋಫಾ ಹಿಂದೆ ಅಡಗಿ ನೋಡೋರಂತೆ. ಡಾಲೆಕ್ ಅಂದರೆ ಆಳೆತ್ತರದ ಉಪ್ಪಿನ ಡಬ್ಬಿ. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಸಿಂಕ್ ಕಟ್ಟಿಕೊಂಡರೆ ಒತ್ತುತ್ತೀವಲ್ಲ ಆ ರಬ್ಬರ್ ಪಂಪು. ಇಡೀ ಬ್ರಹ್ಮಾಂಡ ಗೆಲ್ಲುವ ಆಸೆ. ಆದರೆ ನಯವಾದ ನೆಲದ ಮೇಲೆ ಜಾರಿಕೊಂಡು ಹೋಗೋ ಗಿರಾಕಿ, ಮೆಟ್ಟಿಲು ಬಂದರೆ ಮುಗೀತು. ಇಪ್ಪತ್ತೈದು ವರ್ಷ ಬ್ರಿಟನ್ನಿನವರು ಹೇಳಿಕೊಂಡು ನಕ್ಕ ಜೋಕು ಇದೇ: ಡಾಲೆಕ್ ಬಂದರೆ ಮಹಡಿ ಹತ್ತಿಬಿಡಿ.

ಇದನ್ನು ಓದಿದ ಮೇಲೆ ನಮ್ಮ ಸರ್ಕಾರಿ ಕಟ್ಟಡಗಳ ಬಗ್ಗೆ ನನಗಿದ್ದ ಸಿಟ್ಟು ಪೂರ್ತಿ ಇಳಿದುಹೋಯ್ತು. ಬಾಗಿಲಿಗೆ ಮುಂಚೆ ಏಳು ಮೆಟ್ಟಿಲು, ಒಳಗೆ ಹೋದರೆ ಮೊದಲನೇ ಮಹಡಿಯಲ್ಲಿ ಕೌಂಟರ್, ಲಿಫ್ಟಿನ ಬಾಗಿಲಿಗೆ ಅಡ್ಡಲಾಗಿ ಕುರ್ಚಿ. ಇದು ಅಸಡ್ಡೆ ಅಂತ ತಿಳಿದಿದ್ದೆ. ಅಲ್ಲ. ಇದು ದೇಶದ ರಕ್ಷಣೆ. ನಾಳೆ ಡಾಲೆಕ್ ಸೈನ್ಯ ಇಳಿದರೆ ಒಬ್ಬನೂ ಪಹಣಿ ತೆಗೆದುಕೊಂಡು ಹೋಗೋಕೆ ಆಗಲ್ಲ. ಕಾನೂನೇನೋ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 2017ರಲ್ಲಿ ನಿಯಮ, ಅಲ್ಲಿಂದ ಐದು ವರ್ಷದೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಎಲ್ಲರಿಗೂ ಹೋಗಿಬರುವ ಹಾಗಾಗಬೇಕು ಅಂತ. ಐದು ವರ್ಷ ಆಗಿ ಹಳೇ ಮಾತಾಯ್ತು. ಹೆಸರು ಬದಲಾಯಿಸೋದರಲ್ಲಿ ಮಾತ್ರ ನಮ್ಮನ್ನು ಯಾರೂ ಮೀರಿಸೋಕಾಗಲ್ಲ. ಅಂಗವಿಕಲ ಆಯ್ತು, ವಿಕಲಚೇತನ ಆಯ್ತು, ವಿಶೇಷ ಚೇತನ ಆಯ್ತು, ದಿವ್ಯಾಂಗ ಆಯ್ತು. ಮನುಷ್ಯ ಕೆಳಗೇ ನಿಂತಿದ್ದಾನೆ, ಹೆಸರು ಮಾತ್ರ ಮೇಲೆ ಮೇಲೆ ಹೋಗ್ತಾ ಇದೆ.

ಈ ಡಾಲೆಕ್‌ಗಳನ್ನು ಸೃಷ್ಟಿಸಿದವನು ಡಾವ್ರಾಸ್. 1975ರಲ್ಲಿ ಬಂದ. ಸುಟ್ಟ ಮುಖ, ಸೊಂಟದಿಂದ ಕೆಳಗೆ ಓಡಾಡುವ ಯಂತ್ರ. 2023ರಲ್ಲಿ ಅವನು ತೆರೆಗೆ ಬಂದಾಗ ಮುಖ ಚೆನ್ನಾಗಿತ್ತು, ಎರಡು ಕಾಲಿನ ಮೇಲೆ ನಿಂತಿದ್ದ. ಆಗ ಧಾರಾವಾಹಿ ನಡೆಸುತ್ತಿದ್ದ ರಸೆಲ್ ಟಿ. ಡೇವಿಸ್, ವೀಲ್‌ಚೇರಿನಲ್ಲಿ ಕೂತವನು ಅಂದರೆ ದುಷ್ಟ ಅನ್ನೋ ಹಳೇ ಚಾಳಿ ಸಾಕು ಅಂದರು. ಶುರುವಾಯ್ತು ನೋಡಿ ಗಲಾಟೆ. ನಮ್ಮ ಖಳನ ಕುರ್ಚಿ ಕಿತ್ತುಕೊಂಡರು, ನಮ್ಮ ಬಾಲ್ಯ ಹಾಳಾಯ್ತು! ಇವರೆಲ್ಲ ಇಷ್ಟು ದಿನ ಎಲ್ಲಿದ್ದರೋ. ಡಾಕ್ಟರ್ ಹೂವಿನ ಹಡಗು ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗುತ್ತೆ, ಹೊರಗಿನಿಂದ ಚಿಕ್ಕದು, ಒಳಗೆ ವಿಶಾಲ. ಅದಕ್ಕೆ ರ್‍ಯಾಂಪ್ ಬಂದದ್ದೂ ಅದೇ 2023ರಲ್ಲೇ. ಅರವತ್ತು ವರ್ಷ! ಯಾವ ಅಭಿಮಾನಿಯ ಬಾಲ್ಯವೂ ಅದಕ್ಕೋಸ್ಕರ ಹಾಳಾಗಿರಲಿಲ್ಲ.

ಡೇವಿಸ್ ಹೇಳಿದ್ದು ಸರಿ ಅಂತಲೇ ನನ್ನ ಲೆಕ್ಕ. ಆದರೂ ಒಂದು ಕಿರಿಕಿರಿ ಉಳಿಯುತ್ತೆ. ಖಳನಿಂದ ಕುರ್ಚಿ ತೆಗೆದರೆ ಅವನೂ ವಾಸಿಯಾದ ಹಾಗೇ ಅಲ್ವಾ? ಆಡಿನ ಹಾಲೂ ಕುಡಿಯಲಿಲ್ಲ, ಬರೀ ಒಂದು ಹೇಳಿಕೆಯಲ್ಲಿ ನಡೆದುಬಿಟ್ಟ.

ಡಾಲೆಕ್ ಮೊದಲ ಸಲ ಮೆಟ್ಟಿಲು ಹತ್ತಿದ್ದು 1988ರ ಅಕ್ಟೋಬರ್ 5ಕ್ಕೆ. ತೇಲಿಕೊಂಡು ಹತ್ತಿತು. ಅದಕ್ಕೆ ಮೂರು ದಿನ ಮುಂಚೆ, ಅಕ್ಟೋಬರ್ 2ರ ಭಾನುವಾರ, ನಮ್ಮ ದೂರದರ್ಶನದಲ್ಲಿ ಮಹಾಭಾರತ ಶುರುವಾಯ್ತು. ಅಲ್ಲಿ ಒಬ್ಬ ಹತ್ತಿದ, ಇಲ್ಲಿ ಒಬ್ಬ ಕುಂಟುತ್ತಾ ನಮ್ಮ ಮನೆಗಳಿಗೆ ಬಂದ.

ಮಕ್ಕಳ ಟಿವಿ ಅಂದರೆ ನಮಗೆ ಅದೇ ಆಗಿತ್ತಲ್ಲ. ಭಾನುವಾರ ಬೆಳಗ್ಗೆ ಸ್ನಾನ ಮಾಡಿ ಚಾಪೆ ಮೇಲೆ ಕೂರೋದು. ಮೊದಲು ರಾಮಾಯಣ, ಗೂನು ಬೆನ್ನಿನ ಮಂಥರೆ. ಆಮೇಲೆ ಮಹಾಭಾರತ, ಒಂದು ಕಣ್ಣು ಕಿರಿದು ಮಾಡಿ ಕಾಲು ಎಳೆಯುವ ಶಕುನಿ. ಗೂಫಿ ಪೇಂಟಲ್ ಎಂಥಾ ನಟ ಅಂದರೆ ಅವರು ಕುಂಟುತ್ತಾ ಬಂದರೆ ಚಾಪೆ ಮೇಲೆ ಕೂತ ನಮಗೇ ಏನೋ ಕೇಡು ಕಾದಿದೆ ಅನ್ನಿಸೋದು. ಮಂಥರೆಯಾದ ಲಲಿತಾ ಪವಾರ್ ಕಥೆ ಇನ್ನೂ ವಿಚಿತ್ರ. 1942ರಲ್ಲಿ ಶೂಟಿಂಗ್ ಮಾಡುವಾಗ ಸಹನಟ ಹೊಡೆದ ಕಪಾಳಮೋಕ್ಷ ನಿಜವಾಗಿಯೇ ಜೋರಾಗಿ ಬಿದ್ದು ಅವರ ಎಡಗಣ್ಣಿಗೆ ಪೆಟ್ಟಾಯ್ತು. ನಾಯಕಿಯಾಗಿದ್ದವರು ಆಮೇಲೆ ಘಟವಾಣಿ ಅತ್ತೆಯಾದರು. ಏಟು ತಿಂದವರು ಅವರು, ಕೆಟ್ಟವರಾದವರೂ ಅವರೇ. ಕಣ್ಣು ಸ್ವಲ್ಪ ಮುಚ್ಚಿಕೊಂಡ ಮೇಲೆ ಒಳ್ಳೆಯವಳಾಗಿರೋಕೆ ಸಾಧ್ಯವಾ ಹೇಳಿ!

ಬ್ರಿಟನ್ನಿನಲ್ಲಿ ಇದಕ್ಕಿಂತ ಒಳ್ಳೆ ಮನಸ್ಸಿನಿಂದ ಒಂದು ಕೆಲಸ ಮಾಡಿದರು. 1981, ವಿಶ್ವಸಂಸ್ಥೆಯ ಅಂಗವಿಕಲರ ವರ್ಷ. 'ಬ್ಲೂ ಪೀಟರ್' ಅನ್ನೋ ಮಕ್ಕಳ ಕಾರ್ಯಕ್ರಮದವರು ಜೋಯಿ ಡೀಕನ್ ಅನ್ನುವವರನ್ನು ತೋರಿಸಿದರು. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು, ಮಾತು ಹಿಡಿತಕ್ಕೆ ಸಿಗದ ಸ್ಥಿತಿ ಇದ್ದ ಮನುಷ್ಯ, ಚಿಕ್ಕಂದಿನಲ್ಲೇ ಆಸ್ಪತ್ರೆ ಸೇರಿ ಬದುಕಿನ ಬಹುಪಾಲು ಅಲ್ಲೇ ಕಳೆದವರು. ಅವರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ಎರ್ನಿ ಅನ್ನೋ ಗೆಳೆಯನಿಗೆ ಬಿಟ್ಟು. ಜೋಯಿ ಹೇಳಿದ್ದನ್ನು ಎರ್ನಿ ಮತ್ತೆ ಹೇಳುತ್ತಿದ್ದ. ಮೈಕೆಲ್ ಅನ್ನುವವನು ಬರೆದುಕೊಳ್ಳುತ್ತಿದ್ದ. ಟಾಮ್ ಟೈಪ್ ಮಾಡುತ್ತಿದ್ದ. ನಾಲ್ವರೂ ಅದೇ ಆಸ್ಪತ್ರೆಯವರು. ಹದಿನಾಲ್ಕು ತಿಂಗಳು ಹೀಗೆ ಕೂತು ಜೋಯಿಯ ಆತ್ಮಕಥೆ ಮುಗಿಸಿದರು. ನನ್ನಂಥವನು ವಾರಕ್ಕೊಂದು ಅಂಕಣ ಬರೆಯೋಕೆ ಎರಡು ಕೈ, ಒಂದು ಲ್ಯಾಪ್‌ಟಾಪ್, ಮೂರು ಕಾಫಿ ಇಟ್ಟುಕೊಂಡು ಒದ್ದಾಡುತ್ತೇನೆ.

ಕಾರ್ಯಕ್ರಮ ನೋಡಿದ ಮಕ್ಕಳು ಮಾರನೇ ದಿನ ಸ್ಕೂಲಿಗೆ ಹೋಗಿ ಏನು ಮಾಡಿದರು ಗೊತ್ತಾ? 'ಜೋಯಿ' ಅನ್ನೋದನ್ನು ಬೈಗುಳ ಮಾಡಿಕೊಂಡರು. ಬಾಲ್ ಕೈತಪ್ಪಿತಾ, ಜೋಯಿ. ತೊದಲಿದನಾ, ಜೋಯಿ. ನಾಲಿಗೆ ಹೊರಚಾಚಿ, ಕೈ ಸೊಟ್ಟ ಮಾಡಿ ಅಣಕ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಹೋದರು. ಬೈಗುಳ ಮಾತ್ರ ಎಷ್ಟೋ ವರ್ಷ ಉಳಿಯಿತು.

ಮಕ್ಕಳು ಕ್ರೂರಿಗಳು ಅನ್ನಬೇಡಿ. ಅದೇ ಹೊತ್ತಿಗೆ ಅಮೆರಿಕದ 'ಸೆಸಮಿ ಸ್ಟ್ರೀಟ್' ಅನ್ನೋ ಮಕ್ಕಳ ಕಾರ್ಯಕ್ರಮದಲ್ಲಿ ಲಿಂಡಾ ಬೋವ್ ಅನ್ನೋ ಕಿವಿ ಕೇಳದ ನಟಿ ಹತ್ತು ವರ್ಷದಿಂದ ಲೈಬ್ರರಿ ನೋಡಿಕೊಂಡಿದ್ದರು. 1971ರಿಂದ. ವರ್ಷಕ್ಕೊಮ್ಮೆ ಬಂದು ಸನ್ಮಾನ ಮಾಡಿಸಿಕೊಂಡು ಹೋಗೋ ಅತಿಥಿಯಲ್ಲ, ಆ ಬೀದಿಯವರು. ಪ್ರೀತಿ ಮಾಡಿದರು, ಜಗಳ ಆಡಿದರು, ನಾಯಿ ಸಾಕಿದರು. ಯಾರೂ ಅವರನ್ನು ಬೈಗುಳ ಮಾಡಿಕೊಳ್ಳಲಿಲ್ಲ. ದಿನಾ ನೋಡೋರನ್ನು ಏನಂತ ಅಣಕಿಸ್ತೀರಿ? ಒಂದೇ ಒಂದು ವಾರ ತೋರಿಸಿ, ವಯಲಿನ್ ಹಾಕಿ, ಕಣ್ಣು ಒರೆಸಿಕೊಂಡು ಕಳಿಸಿದರೆ ಮಕ್ಕಳು ಅದನ್ನು ಆಟಿಕೆ ಮಾಡಿಕೊಳ್ಳದೆ ಇನ್ನೇನು ಮಾಡಬೇಕು?

ನಾನು ಇದನ್ನು ಬೇರೆಯವರ ಮೇಲೆ ಹೇಳಿ ಜಾರಿಕೊಳ್ಳೋ ಹಾಗಿಲ್ಲ. ಆರನೇ ಕ್ಲಾಸಿನಲ್ಲಿ ನಮ್ಮ ಬೀದಿಯಲ್ಲಿ ಪೋಲಿಯೋ ಆದ ಗೆಳೆಯ ಒಬ್ಬನಿದ್ದ. ಕಾಲಿಗೆ ಕಬ್ಬಿಣದ ಪಟ್ಟಿ, ಅವನು ಬರುವುದು ಎರಡು ಮನೆ ಆಚೆಯಿಂದಲೇ ಕೇಳಿಸೋದು. ಕ್ರಿಕೆಟ್ಟಿಗೆ ಅವನೇ ಅಂಪೈರ್. ನಾವು ಕೇಳಿರಲಿಲ್ಲ, ನೇಮಿಸಿದ್ದೆವು. ಆದರೆ ಚೌಕಾಬಾರಕ್ಕೆ ಕೂತನೋ, ಕವಡೆ ಅವನ ಮಾತು ಕೇಳೋದು. ಭಾರ ಬೀಳಬೇಕು ಅಂದರೆ ಭಾರ, ಚೌಕ ಅಂದರೆ ಚೌಕ. ಮಹಾಭಾರತ ಶುರುವಾಗಿ ಪಗಡೆಯಾಟದ ಕಂತು ಬಂದ ಮೇಲೆ, ಒಂದು ಸಂಜೆ ಜಗಲಿ ಮೇಲೆ ಅವನ ಕೈಲಿ ಸೋತು ಸುಣ್ಣವಾಗಿ "ಲೇ ಶಕುನಿ" ಅಂತ ಕೂಗಿದೆ. ಮೊದಲು ಕೂಗಿದ್ದು ನಾನೇ. ಮಾರನೇ ದಿನ ಇಡೀ ಸ್ಕೂಲು ಕೂಗಿತು. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

ಅವನು ಆಮೇಲೆ ಚೌಕಾಬಾರಕ್ಕೆ ಬರೋದು ಬಿಟ್ಟ. ನಮಗೆ ಗೆಲ್ಲೋಕೆ ಶುರುವಾಯ್ತು ಅಂತ ಖುಷಿಪಟ್ಟೆವು.

ಈಗ ನಮ್ಮ ಕ್ಲಾಸಿನವರ ವಾಟ್ಸಾಪ್ ಗ್ರೂಪ್ ಇದೆ. ಐವತ್ತರ ಹತ್ತಿರ ಬಂದವರು, ಮಕ್ಕಳನ್ನು ಕಾಲೇಜಿಗೆ ಕಳಿಸಿದವರು. ಅವನ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿ "ಹ್ಯಾಪಿ ಬರ್ತ್‌ಡೇ ಶಕುನಿ" ಅಂತಾರೆ. ಪ್ರೀತಿಯಿಂದಲೇ ಅಂತಾರೆ, ಅದೇ ಕಷ್ಟ. ಮುಂದಿನ ತಿಂಗಳು ಎಲ್ಲ ಸೇರೋಣ ಅಂತ ತೀರ್ಮಾನವಾಗಿದೆ. ಒಂದು ಹೋಟೆಲಿನ ಪಾರ್ಟಿ ಹಾಲ್ ಬುಕ್ ಆಗಿದೆ, ಮೊದಲನೇ ಮಹಡಿ. ಲಿಫ್ಟ್ ಇದೆಯಾ ಅಂತ ನಾನು ಕೇಳಿದೆ. ಇಲ್ಲವಂತೆ. "ಅದಕ್ಯಾಕೆ ಯೋಚನೆ, ನಾವೆಲ್ಲ ಇದ್ದೀವಲ್ಲ, ಎತ್ಕೊಂಡ್ ಹೋಗ್ತೀವಿ ಬಿಡೋ" ಅಂತ ಒಬ್ಬ ಬರೆದ. ಕೆಳಗೆ ಸಾಲಾಗಿ ಹೃದಯ, ಮುಗಿದ ಕೈ, ಅಳುವ ಮುಖ. ಎತ್ತಿಕೊಂಡು ಹೋಗುವಾಗ ವಿಡಿಯೋ ಮಾಡೋಣ ಅಂತ ಇನ್ನೊಬ್ಬ.

ಅವನ ಉತ್ತರ ರಾತ್ರಿ ಹನ್ನೊಂದಕ್ಕೆ ಬಂತು. "ಆ ಹೋಟೆಲ್ ಕೆಳಗೆ ದರ್ಶಿನಿ ಇದೆ. ನಾನು ಅಲ್ಲಿ ಕಾಫಿ ಕುಡೀತಾ ಇರ್ತೀನಿ. ನೋಡಬೇಕು ಅನ್ನಿಸಿದೋರು ಇಳಿದು ಬನ್ನಿ."

ಹದಿನಾಲ್ಕು ಜನ ಅದಕ್ಕೆ ಹೆಬ್ಬೆರಳು ಒತ್ತಿದ್ದಾರೆ. ಹಾಲ್ ಮಾತ್ರ ಇನ್ನೂ ಮೇಲೇ ಇದೆ.